ಫ್ಯಾನ್ಸನ್ ವಂಶಾವಳಿ

ಸಾಲ್ಟ್‌ಪಾಂಡ್, ಘಾನಾ
೪ ಮಾರ್ಚ್ ೧೯೬೧

ಪ್ರಿಯ ಕ್ಲೆಮೆಂಟೀನಾ,

ನಿನ್ನ ಪತ್ರ ತಲುಪಿತು. ಅಧ್ಯಾಪಕಿಯ ತರಬೇತಿಗೆಂದು ಲಂಡನ್ನಿಗೆ ಹೋದವಳು ಕಾದಂಬರಿ ಬರೆದಿದ್ದೀಯೆ, ಅದನ್ನು ಅಚ್ಚು ಹಾಕಲು ಪ್ರಕಾಶಕರು ಒಪ್ಪಿದ್ದಾರೆ ಎಂಬ ಸುದ್ದಿ ಓದಿ ಸಂತೋಷವಾಯಿತು. ಪತ್ರದಲ್ಲಿ ಕೆಲವು ಕಡೆ ಅಲ್ಪವಿರಾಮ ತಪ್ಪಿದೆ. ಕೆಂಪು ಶಾಯಿಯಲ್ಲಿ ತಿದ್ದಿ ಇದರೊಂದಿಗೆ ವಾಪಸು ಕಳಿಸಿದ್ದೇನೆ. ಸಂತೋಷ ಬೇರೆ, ಅಲ್ಪವಿರಾಮ ಬೇರೆ.

ಸುದ್ದಿಯನ್ನು ನಮ್ಮ ಸಾಹಿತ್ಯ ಸಂಘದ ಸಭೆಯಲ್ಲಿ ಓದಿ ಹೇಳಿದೆ. ಅಂಚೆ ಮಾಸ್ತರು ಮಿಸ್ಟರ್ ಕ್ವಾನ್ಸಾ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಔಷಧಿ ಅಂಗಡಿಯ ಮಿಸ್ಟರ್ ಅಮಿಸ್ಸಾ ಮಾತ್ರ, "ಲಂಡನ್ನಲ್ಲಿ ಪುಸ್ತಕದ ಮೇಲೆ ಫ್ಯಾನ್ಸನ್ ಅಂತಾನೇ ಅಚ್ಚಾಗ್ತದಾ?" ಎಂದು ಕೇಳಿದ್ದನ್ನೇ ಕೇಳಿದರು. ಆಗುತ್ತದೆ ಎಂದೆ. ಆತನ ಮುಖ ಸಪ್ಪಗಾಯಿತು. ಅದನ್ನು ನೋಡಿ ನನಗೆ ಆದ ಆನಂದ ಕ್ರೈಸ್ತನಿಗೆ ತಕ್ಕದ್ದಲ್ಲ, ಆದರೆ ಆಯಿತು.

ನಿನ್ನಿಂದ ಒಂದು ಕೆಲಸವಾಗಬೇಕು. ಹಿಂದೆ ರೆವರೆಂಡ್ ಫ್ಯಾನ್ಸನ್ ಎಂಬ ಪುಣ್ಯಾತ್ಮರು ಈ ಕರಾವಳಿಗೆ ಬಂದು, ನನ್ನ ಅಜ್ಜನಿಗೆ ದೀಕ್ಷಾಸ್ನಾನ ಮಾಡಿಸಿ, ತಮ್ಮ ಹೆಸರನ್ನೇ ಪ್ರೀತಿಯಿಂದ ಕೊಟ್ಟುಹೋದರು. ಇದನ್ನು ನಾನು ಮಾಸ್ತರಿಕೆ ಮಾಡಿದಷ್ಟು ಕಾಲವೂ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಅವರ ವಂಶದವರು ಯಾರ್ಕ್‌ಷೈರಿನಲ್ಲಿರಬೇಕೆಂದು ನನ್ನ ಊಹೆ. ಹುಡುಕಿ ಹೋಗಿ ಸಾಲ್ಟ್‌ಪಾಂಡಿನ ಫ್ಯಾನ್ಸನ್ನರ ವಂದನೆ ತಿಳಿಸು. ಬರಿಗೈಯಲ್ಲಿ ಹೋಗಬೇಡ, ಒಂದು ಡಬ್ಬಿ ಒಳ್ಳೆಯ ಬಿಸ್ಕತ್ತು ಒಯ್ಯಿ.

ಇನ್ನೊಂದು ಮಾತು. ನಿನ್ನ ಕಾದಂಬರಿಯ ನಾಯಕ ಒಬ್ಬ ಹೆಡ್‌ಮಾಸ್ತರ, ಉಣ್ಣೆ ಕೋಟು ತೊಟ್ಟು ಎಲೆಯಲ್ಲಿ ಕಟ್ಟಿ ಬೇಯಿಸಿದ ಜೋಳದ ಕೆಂಕಿಯನ್ನು ಚಾಕು-ಮುಳ್ಳುಚಮಚದಲ್ಲಿ ತಿನ್ನುತ್ತಾನೆ, ಓದಿದವರು ನಗುತ್ತಾರೆ ಎಂದು ಬರೆದಿದ್ದೀಯೆ. ಕೆಂಕಿಯನ್ನು ನಾನೂ ಹಾಗೆಯೇ ತಿನ್ನುತ್ತೇನೆ. ಅದರಲ್ಲಿ ನಗುವಂಥದ್ದೇನಿದೆ?

ನಿನ್ನ ಹಿತೈಷಿ ತಂದೆ,
ಟಿ. ಜಿ. ಫ್ಯಾನ್ಸನ್
(ನಿವೃತ್ತ ಹೆಡ್‌ಮಾಸ್ತರ)

*

ಲಂಡನ್
೯ ಏಪ್ರಿಲ್ ೧೯೬೧

ಪೂಜ್ಯ ಸರ್,

ನೀವು ತಿದ್ದಿ ಕಳಿಸಿದ ನನ್ನದೇ ಪತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಮನೆ ನೆನಪಾದಾಗ ಆ ಕೆಂಪು ಶಾಯಿ ನೋಡುತ್ತೇನೆ, ಮನೆಯ ನೆನಪು ತಕ್ಷಣ ಹೋಗುತ್ತದೆ.

ಫ್ಯಾನ್ಸನ್ನರನ್ನು ಹುಡುಕಿದೆ. ಲಂಡನ್ನಿನ ಟೆಲಿಫೋನ್ ಪುಸ್ತಕದಲ್ಲಿ ಇಲ್ಲ. ಯಾರ್ಕ್‌ಷೈರಿನ ಗೆಳತಿಯೊಬ್ಬಳಿಗೆ ಬರೆದೆ, ಅವಳ ಊರಲ್ಲೂ ಇಲ್ಲ. ಕೊನೆಗೆ, ನಮ್ಮ ಕಡೆಗೆ ಬಂದ ಪಾದ್ರಿಗಳ ಹೆಸರನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿರುವ ಮುದುಕರೊಬ್ಬರನ್ನು ಕಂಡೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, "ಫ್ಯಾನ್ಸನ್ ಅಂತ ಇಂಗ್ಲೆಂಡಿನಲ್ಲಿ ಯಾರೂ ಇರೋ ಹಾಗೆ ಕಾಣೆ ಮಗು. ನೀವೇ ಮೊದಲಿನವರು ಇರಬೇಕು" ಎಂದರು. ಬಿಸ್ಕತ್ತನ್ನು ಅವರೂ ನಾನೂ ಕೂತು ತಿಂದೆವು.

ಈಗ ನಿಮಗೆ ಹಿಡಿಸದ ವಿಷಯ. ನನ್ನ ಪ್ರಕಾಶಕರು ಮಿಸ್ಟರ್ ಟಾಡ್‌ಹಂಟರ್ ಎಂಬವರು. ಮೊನ್ನೆ ಕರೆಸಿ ಚಹಾ ಕೊಟ್ಟು, "ಕಾದಂಬರಿ ಸೊಗಸಾಗಿದೆ, ಮಿಸ್ ಫ್ಯಾನ್ಸನ್. ಆದರೆ ಡೋಲು ಎಲ್ಲಿ?" ಎಂದರು.

"ಯಾವ ಡೋಲು?"

"ಅದೇ, ಕತ್ತಲಲ್ಲಿ ದೂರದಿಂದ ಕೇಳಿಸೋದು."

ನಮ್ಮೂರಲ್ಲಿ ಕತ್ತಲಾದ ಮೇಲೆ ದೂರದಿಂದ ಕೇಳಿಸುವುದು ಮಿಸ್ಟರ್ ಅಮಿಸ್ಸಾ ಅವರ ರೇಡಿಯೊ ಎಂದೆ. ಅವರಿಗೆ ಬೇಸರವಾಯಿತು. ಆಮೇಲೆ ಹೇಳಿದರು: "ರಕ್ಷಾಪುಟದ ಮೇಲೆ ಕ್ಲೆಮೆಂಟೀನಾ ಫ್ಯಾನ್ಸನ್ ಅಂತ ನೋಡಿದರೆ, ಯಾವುದೋ ಪಾದ್ರಿಯ ಮಗಳು ರಜೆಗೆ ಆಫ್ರಿಕಕ್ಕೆ ಹೋಗಿ ಬಂದು ಬರೆದದ್ದು ಅಂದ್ಕೋತಾರೆ ಜನ. ನಿಮಗೆ ಒಂದು ನಿಜವಾದ ಹೆಸರು ಇರಬೇಕಲ್ಲ?"

ಕೋಪ ಬಂತು. ನನ್ನ ಹೆಸರು ನಿಜವೋ ಸುಳ್ಳೋ ಎಂದು ಹೇಳಲು ಇವನು ಯಾರು? ಆದರೆ ಬಸ್ಸಿನಲ್ಲಿ ಕೂತಾಗ ಆ ಕೋಪ ಜಾಗ ಬದಲಾಯಿಸಿತು. ಪಾದ್ರಿ ಬರುವ ಮೊದಲು ನಿಮ್ಮ ಅಜ್ಜನನ್ನು ಊರವರು ಏನೋ ಒಂದು ಹೆಸರಿನಿಂದ ಕರೆಯುತ್ತಿದ್ದಿರಬೇಕಲ್ಲ? ಅದು ಏನು, ಸರ್? ಸೆಪ್ಟೆಂಬರಿನೊಳಗೆ ಹೆಸರು ಹೇಳಬೇಕಂತೆ. ಇಲ್ಲದಿದ್ದರೆ ಅವರೇ ಒಂದು ಕೊಡುತ್ತಾರಂತೆ.

ನಿಮ್ಮ ವಿಧೇಯ ಮಗಳು,
ಕ್ಲೆಮೆಂಟೀನಾ

*

ತಂತಿ
೧೯ ಏಪ್ರಿಲ್ ೧೯೬೧

ಫ್ಯಾನ್ಸನ್ ಬಿಟ್ಟರೆ ನನ್ನನ್ನು ಬಿಟ್ಟಂತೆ. ಪತ್ರ ಬರುತ್ತಿದೆ. ತಂದೆ.

*

ಸಾಲ್ಟ್‌ಪಾಂಡ್
೨೦ ಏಪ್ರಿಲ್ ೧೯೬೧

ಕ್ಲೆಮೆಂಟೀನಾ,

ಆ ಮುದುಕರಿಗೆ ಮರೆವು ಇರಬೇಕು.

ನಾನು ಹೊಸ ಮಾಸ್ತರನಾಗಿದ್ದ ಕಾಲದಲ್ಲಿ ಶಾಲೆಗಳ ಇನ್ಸ್‌ಪೆಕ್ಟರಾಗಿ ಒಬ್ಬ ಬಿಳಿಯ ದೊರೆ ಬರುತ್ತಿದ್ದರು. ತಲೆ ನರೆತ ಮಾಸ್ತರರನ್ನೂ "ಏ ಹುಡುಗ" ಎಂದೇ ಕರೆಯುತ್ತಿದ್ದರು. ನನ್ನ ಸರದಿ ಬಂತು. ಹಾಜರಿ ನೋಡಿದರು, ಹೆಸರು ಓದಿದರು, ಒಂದು ಗಳಿಗೆ ತಡೆದರು. ಆಮೇಲೆ "ಮಿಸ್ಟರ್ ಫ್ಯಾನ್ಸನ್" ಎಂದರು. ಇಡೀ ಸಾಲಿನಲ್ಲಿ ನಾನೊಬ್ಬನೇ ಮಿಸ್ಟರ್. ಆ ಹೆಸರು ಇಲ್ಲದಿದ್ದರೆ ಆ ದಿನ ಅವರ ಬಾಯಲ್ಲಿ ನಾನೂ ಹುಡುಗನೇ. ಇದು ನಿನ್ನ ಟಾಡ್‌ಹಂಟರನಿಗೆ ಅರ್ಥವಾಗಲಿಕ್ಕಿಲ್ಲ, ಅವನನ್ನು ಯಾರೂ ಹಾಗೆ ಕರೆದಿಲ್ಲ.

ಈಗ ಅವನೇ ಬಂದು, ನಿಮಗೆ ಈ ಕೋಟು ಒಪ್ಪುವುದಿಲ್ಲ, ಬಿಚ್ಚಿ ಅನ್ನುತ್ತಾನೆ. ತೊಡಿಸಿದವರು ಅವರೇ!

ಹಳೆಯ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ಟಿ. ಜಿ. ಫ್ಯಾನ್ಸನ್

*

ಲಂಡನ್
೧೧ ಜೂನ್ ೧೯೬೧

ಪೂಜ್ಯ ಸರ್,

ಇನ್ಸ್‌ಪೆಕ್ಟರರ ಕಥೆಯನ್ನು ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ? ಗೊತ್ತಿದ್ದರೆ ಕಾದಂಬರಿಯಲ್ಲಿ ಹೆಡ್‌ಮಾಸ್ತರನ ಕೋಟನ್ನು ಸ್ವಲ್ಪ ಮೆಲ್ಲಗೆ ಮುಟ್ಟುತ್ತಿದ್ದೆ.

ನಾನೂ ಒಂದು ಕಥೆ ಹೇಳುತ್ತೇನೆ. ಹಿತ್ತಿಲ ಮಾವಿನ ಮರದಿಂದ ನಾನು ಬಿದ್ದದ್ದು ನೆನಪಿದೆಯೆ? ಕೈ ಮುರಿದಿತ್ತು. "ಪಪ" ಎಂದು ನಮ್ಮ ಭಾಷೆಯಲ್ಲಿ ಕಿರುಚಿದೆ. ನೀವು ಜಗಲಿಯಿಂದ ಎದ್ದು ಓಡಿ ಬಂದಿರಿ. ಓಡಿ ಬರುತ್ತಲೇ "ಇಂಗ್ಲಿಷಿನಲ್ಲಿ ಹೇಳು" ಎಂದಿರಿ. ಶಾಲೆಯಲ್ಲೂ ಮನೆಯಲ್ಲೂ ನಿಮ್ಮನ್ನು "ಸರ್" ಎನ್ನಬೇಕಿತ್ತಲ್ಲ. ನಾನು ಅಳು ನಿಲ್ಲಿಸಿ, ಯೋಚಿಸಿ, "ಸರ್, ಐ ಹ್ಯಾವ್ ಫಾಲನ್" ಎಂದೆ. ನೀವು ವ್ಯಾಕರಣ ಸರಿಯಾಗಿದೆ ಎಂದು ಹೇಳಿ ಎತ್ತಿಕೊಂಡಿರಿ. ಇದನ್ನು ಇಲ್ಲಿಯ ಗೆಳತಿಯರಿಗೆ ಹೇಳಿ ನಗಿಸುತ್ತೇನೆ. ಅವರು ನಕ್ಕು ಮುಗಿಸಿದ ಮೇಲೆ ನನಗೆ ಒಂದು ಥರಾ ಆಗುತ್ತದೆ.

ಮಿಸ್ಟರ್ ಟಾಡ್‌ಹಂಟರ್ ನನಗೆ ತಾವೇ ಒಂದು ಹೆಸರು ಕಟ್ಟಿದ್ದಾರೆ: ಎಂಬೂಲಾ ಜಂಗೋ. ಇದು ಯಾವ ಭಾಷೆ ಎಂದು ಕೇಳಿದೆ. "ಭಾಷೆ ಅಂತಲ್ಲ, ಒಂದು ಭಾವನೆ" ಎಂದರು. ಪುಸ್ತಕದ ಮೇಲೆ ಇದು ಬರುವುದಕ್ಕಿಂತ ಪುಸ್ತಕವೇ ಬರದಿದ್ದರೆ ಒಳ್ಳೆಯದು.

ಆದ್ದರಿಂದ ಅನೊಮಾಬೊದ ನಮ್ಮ ಅಜ್ಜಿ, ನಾನಾ ಅರಬಾಗೆ ಒಂದು ಕಾಗದ ಬರೆದು ಇದರೊಳಗೆ ಇಟ್ಟಿದ್ದೇನೆ. ಅವರು ನಿಮ್ಮ ಅಜ್ಜನ ಸ್ವಂತ ಮಗಳು, ನಿಮ್ಮ ಅಪ್ಪನ ತಂಗಿ. ಅವರಿಗೆ ಗೊತ್ತಿರದೆ ಇನ್ಯಾರಿಗೆ? ಅವರಿಗೆ ಓದಲು ಬರುವುದಿಲ್ಲ, ನೀವೇ ಹೋಗಿ ಓದಿ ಹೇಳಬೇಕು. ಕಾಗದ ನಮ್ಮ ಫಾಂಟೆ ಭಾಷೆಯಲ್ಲಿದೆ. ನಿಮಗೆ ಫಾಂಟೆ ಓದಲು ಕಷ್ಟವಾದರೆ ಕ್ವಾನ್ಸಾ ಮಾಮನನ್ನು ಕರೆದುಕೊಂಡು ಹೋಗಿ.

ನಿಮ್ಮ ಮಗಳು,
ಎಫುವಾ (ಶುಕ್ರವಾರ ಹುಟ್ಟಿದ ನನ್ನನ್ನು ನಾನಾ ಹಾಗೇ ಕರೆಯುವುದು)

*

ಸಾಲ್ಟ್‌ಪಾಂಡ್
೧೫ ಜುಲೈ ೧೯೬೧

ಕ್ಲೆಮೆಂಟೀನಾ,

ನಾನು ನಿನ್ನೊಡನೆ ಮಾತು ಬಿಟ್ಟಿದ್ದೇನೆ. ಇದನ್ನು ನಿನಗೆ ತಿಳಿಸುವುದಕ್ಕಾಗಿ ಈ ಪತ್ರ.

ನನಗೆ ಫಾಂಟೆ ಓದಲು ಕಷ್ಟವಿಲ್ಲ.

ನಾನಾ ಅರಬಾ ಅವರ ಉತ್ತರವನ್ನು ಅವರು ಹೇಳಿದಂತೆಯೇ ಬರೆದು ಲಗತ್ತಿಸಿದ್ದೇನೆ. ಒಂದು ಅಕ್ಷರವೂ ಬಿಡಬಾರದೆಂದು ನನ್ನಿಂದ ಬೈಬಲ್ಲಿನ ಮೇಲೆ ಆಣೆ ಹಾಕಿಸಿಕೊಂಡರು. ಆವರಣದಲ್ಲಿರುವುದು ನನ್ನ ಮಾತು.

ತಂದೆ

*

ಅನೊಮಾಬೊ
೧೪ ಜುಲೈ ೧೯೬೧

ಎಫುವಾ, ನನ್ ಕಂದಾ, ಚೆನ್ನಾಗಿದ್ದೀಯಾ? ಆ ಚಳಿ ಊರಲ್ಲಿ ತಿನ್ನೋಕೆ ಮೀನು ಸಿಕ್ತದಾ? ನಿನ್ ಕಾಗ್ದಾನ ಈ ಕೊಬಿನಾ ಓದ್ದ. ಓದೋವಾಗ ಇವನ ಮಕ ನೋಡ್ಬೇಕಿತ್ತು, ಹುಳಿ ಬಂದ ಕೆಂಕಿ ಹಿಟ್ಟು ಉಬ್ಬಿದಂಗೆ ಉಬ್ಬಿತ್ತು. (ಇದನ್ನು ಬರೆಯುವ ಅಗತ್ಯವಿಲ್ಲ ಎಂದೆ. "ಆಣೆ ಹಾಕಿದ್ದೀಯ, ಬರಿ" ಎಂದರು. ಕೊಬಿನಾ ಎಂದರೆ ನಾನು. ಮಂಗಳವಾರ ಹುಟ್ಟಿದ್ದು ನನ್ನ ತಪ್ಪಲ್ಲ.)

ನಮ್ಮಪ್ಪನ ಹೆಸ್ರು ಕೇಳಿದ್ದೀಯ. ಇಷ್ಟು ದಿನಕ್ಕೆ ಒಬ್ಳಾದ್ರೂ ಕೇಳಿದ್ಲಲ್ಲ! ನಮ್ಮಪ್ಪ ದೋಣಿ ಇಟ್ಟಿದ್ದ. ಬಲೆ ತುಂಬಿ ಬಂತು ಅಂದ್ರೆ ಮೊದಲ್ನೇ ಬುಟ್ಟಿ ಗಂಡ ಸತ್ತೋರ ಮನೇಗೆ ಹೋಗ್ಬೇಕು, ಆಮೇಲೇ ನಮ್ಮನೇಗೆ. ಅದ್ಕೇ ಊರೋರೆಲ್ಲ ಅವನ್ನ ಪಪ ಅಂತಿದ್ರು. ಪಪ ಅಂದ್ರೆ ಒಳ್ಳೇವ್ನು.

(ನೀನು ಇಷ್ಟು ವರ್ಷ ಹೊರಗಿದ್ದು ಮರೆತಿರಬಹುದು ಎಂದು ವಿವರಿಸುತ್ತೇನೆ. ನಮ್ಮ ಭಾಷೆಯಲ್ಲಿ ಪಪ ಎಂಬುದು ಬರೆಯುವಾಗ ಒಂದೇ, ಹೇಳುವಾಗ ಮೂರು. ಎರಡು ಅಕ್ಷರಕ್ಕೂ ದನಿ ಏರಿಸಿದರೆ ಒಳ್ಳೆಯದು. ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಏರಿಸಿದರೆ ಅಪ್ಪ. ಎರಡನ್ನೂ ತಗ್ಗಿಸಿದರೆ ಬೀಸಣಿಗೆ.)

ಇವನು ಏನೋ ಉದ್ದಕ್ಕೆ ಬರೀತಾವ್ನೆ, ನಾನು ಅಷ್ಟು ಹೇಳೇ ಇಲ್ಲ. ಕೇಳು. ಒಂದಿನ ಪಾದ್ರಿ ಬಂದ. ಬಿಸ್ಲು ಅಂದ್ರೆ ಬಿಸ್ಲು. ನಮ್ಮಪ್ಪ ಬಾಗ್ಲಲ್ಲಿ ತಾಳೆಗರಿ ಬೀಸಣಿಗೆ ಬೀಸ್ಕೊಂಡು ಕುಂತಿದ್ದ. ಪಾದ್ರಿ ಜತೇಲಿ ದುಬಾಷಿ, ಅಕ್ರಾ ಕಡೆಯೋನು. ನಮ್ ಮಾತು ಅವ್ನ ಬಾಯಲ್ಲಿ ಕಲ್ಲು ಸೇರಿದ ಅನ್ನ. "ಇವ್ರು ಯಾರು?" ಅಂದ. ಊರೋರು "ಪಪ" ಅಂದ್ರು. ದುಬಾಷಿ ನಮ್ಮಪ್ಪನ ಮಕ ನೋಡ್ದ, ಕೈ ನೋಡ್ದ. "ಓಹೋ, ಬೀಸಣಿಗೆ!" ಅಂದ. ಪಾದ್ರಿ ಬರ್ಕೊಂಡ. ಇಂಗ್ಲಿಷಲ್ಲಿ ಬೀಸಣಿಗೆಗೆ ಅದೇನೋ ಫ್ಯಾನ್ ಅಂತಾರಂತೆ, ಮಗಂಗೆ ಸನ್ ಅಂತಾರಂತೆ. ರೆವರೆಂಡೂ ಇಲ್ಲ, ಗಿವರೆಂಡೂ ಇಲ್ಲ. ನೀವೆಲ್ಲ ಬೀಸಣಿಗೆ ಮಕ್ಳು ಕಣೇ!

(ಇಲ್ಲಿ ಅವರು ಬಹಳ ಹೊತ್ತು ನಕ್ಕರು. ನಾನು ಲೇಖನಿ ಕೆಳಗಿಟ್ಟು ಕಾದೆ.)

ನಮ್ಮಪ್ಪ ಅಲ್ಲ ಅನ್ಬೋದಿತ್ತು. ಅನ್ಲಿಲ್ಲ. "ಪಾಪ, ಅಷ್ಟು ದೂರದಿಂದ ಬಂದವ್ನೆ, ಬೆವರು ಸುರೀತಾ ಐತೆ, ತಪ್ಪು ಅಂದ್ರೆ ನೊಂದ್ಕೊತಾನೆ, ಬಿಡ್ರಿ" ಅಂದ. ಕೈಲಿದ್ದ ಬೀಸಣಿಗೇನೂ ಪಾದ್ರಿಗೇ ಕೊಟ್ಬಿಟ್ಟ. ಒಳ್ಳೇವ್ನು ಅಂತ ಸುಮ್ನೆ ಅಂತಿದ್ರಾ?

(ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರ ಉತ್ತರ ಹೀಗಿದೆ.)

ನೀನು ಯಾವತ್ತು ಕೇಳಿದ್ದೆ? ಕಾಲೇಜಿಂದ ಬಂದೋನು ಬಾಗ್ಲಲ್ಲಿ ನಿಂತ್ಕೊಂಡು ನಂಗೆ "ಗುಡ್ ಆಫ್ಟರ್‌ನೂನ್" ಅಂದೆ. ನಾನು ಒಳಗೋಗಿ ನಗಾಡ್ದೆ.

ಸಾಕು, ಬಾಯಿ ನೋಯ್ತದೆ. ಕಂದಾ, ಬೆಚ್ಚಗಿರು.

ನಿನ್ ನಾನಾ, ಅರಬಾ
(ಹೆಬ್ಬೆಟ್ಟಿನ ಗುರುತು)

(ಗೇಟಿನ ಮೇಲಿನ 'ಫ್ಯಾನ್ಸನ್ ಲಾಡ್ಜ್' ಫಲಕವನ್ನು ತೆಗೆಸಿದ್ದೇನೆ. ಈ ಪತ್ರದ ಅಲ್ಪವಿರಾಮಗಳನ್ನು ಪರೀಕ್ಷಿಸಿಲ್ಲ. ಟಿ. ಜಿ.)

*

ಲಂಡನ್
೩ ಸೆಪ್ಟೆಂಬರ್ ೧೯೬೧

ಪೂಜ್ಯ ಸರ್,

ನಾನಾ ಪತ್ರವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಕೊನೆಯಲ್ಲಿ ನಿಮ್ಮ ಸಹಿಯಲ್ಲಿ ಟಿ. ಜಿ. ಆದ ಮೇಲೆ ಏನೂ ಇಲ್ಲದ್ದನ್ನು ನೋಡಿದೆ. ಆಗ ನಗು ನಿಂತಿತು.

ಸರ್, ಫಲಕವನ್ನು ದಯವಿಟ್ಟು ಸೌದೆ ಮಾಡಬೇಡಿ.

ಮಿಸ್ಟರ್ ಟಾಡ್‌ಹಂಟರರ ಬಳಿ ಹೋಗಿ, ನಮ್ಮ ನಿಜವಾದ ಹೆಸರು ಸಿಕ್ಕಿತು, ಪಪ ಎಂದೆ.

"ಪಪ? ನನ್ನ ಮಗಳೂ ನನ್ನನ್ನ ಹಾಗೇ ಕರೀತಾಳೆ. ಇದು ಆಫ್ರಿಕದ ಹೆಸರಲ್ಲ."

"ಆಫ್ರಿಕದ್ದೇ."

"ಇರಬಹುದು. ಆದರೆ ಹಾಗೆ ಕಾಣೋದಿಲ್ಲ. ಓದುಗರು ನಂಬೋದಿಲ್ಲ." ಮತ್ತೆ ಅವರ ಕೈ ಎಂಬೂಲಾ ಜಂಗೋ ಬರೆದ ಚೀಟಿಯ ಕಡೆಗೆ ಹೋಯಿತು.

ಫ್ಯಾನ್ಸನ್ ಎಂದರೆ ಇಂಗ್ಲಿಷಿನವರಂತೆ ಕಾಣುತ್ತೇವೆ, ಪಪ ಎಂದರೂ ಇಂಗ್ಲಿಷಿನವರಂತೆ ಕಾಣುತ್ತೇವೆ. ಅವರು ನಮ್ಮನ್ನು ನಂಬುವುದು ನಾವು ಎಂಬೂಲಾ ಜಂಗೋ ಆದಾಗ ಮಾತ್ರ. ಇದು ತಿಳಿದ ಮೇಲೆ ನನಗೆ ಹಾಯೆನಿಸಿತು. ಅವರಿಗೆ ಏನು ಕಾಣಬೇಕು ಎಂಬ ಚಿಂತೆ ನನ್ನ ತಲೆಯಿಂದ ಇಳಿಯಿತು. ಆ ಚೀಟಿಯನ್ನು ತೆಗೆದುಕೊಂಡು ನನ್ನ ಚೀಲದೊಳಗೆ ಹಾಕಿದೆ, ಬೇರೆ ಕಾಗದದಲ್ಲಿ ನನಗೆ ಬೇಕಾದದ್ದನ್ನು ಬರೆದು, ಇದು ಅಥವಾ ಏನೂ ಇಲ್ಲ ಎಂದೆ. ಗೊಣಗಿದರು. ಒಪ್ಪಿದರು.

ಏನು ಬರೆದೆ ಎಂದು ಈಗ ಹೇಳುವುದಿಲ್ಲ. ದಯವಿಟ್ಟು ತಂತಿ ಕಳಿಸಬೇಡಿ.

ನಿಮ್ಮ ಮಗಳು,
ಎಫುವಾ

*

ಸಾಲ್ಟ್‌ಪಾಂಡ್
೨೬ ನವೆಂಬರ್ ೧೯೬೧

ಕ್ಲೆಮೆಂಟೀನಾ,

ತಂತಿ ಕಳಿಸಬೇಡ ಎಂದಿದ್ದರಿಂದ ಕಳಿಸಿಲ್ಲ. ಎರಡು ಸಲ ಅಂಚೆ ಕಚೇರಿಯ ತನಕ ಹೋಗಿ ಬಂದೆ.

ನಾನಾ ಅರಬಾ ಅವರು ಬೀಸಣಿಗೆಯ ಕಥೆಯನ್ನು ಅನೊಮಾಬೊ ಪೂರ್ತಿ ಹೇಳಿದ್ದಾರೆ. ಅಲ್ಲಿಂದ ಅದು ಮೀನು ಬುಟ್ಟಿಗಳ ಜತೆ ಲಾರಿ ಹತ್ತಿ ಸಾಲ್ಟ್‌ಪಾಂಡ್ ಸಂತೆಗೆ ಬಂದಿದೆ. ನಾನು ಹಾದುಹೋದರೆ ಮೀನು ಮಾರುವ ಹೆಂಗಸರೆಲ್ಲ ಒಟ್ಟಿಗೆ ಬೀಸಣಿಗೆ ತೆಗೆಯುತ್ತಾರೆ. "ಸೆಕೆ ಜಾಸ್ತಿ ಅಲ್ವಾ ಸರ್?" ಎನ್ನುತ್ತಾರೆ. "ಮನೇಲಿ ಎಲ್ಲ ತಣ್ಣಗಿದ್ದೀರಾ ಸರ್?" ಎನ್ನುತ್ತಾರೆ. ಇವರಲ್ಲಿ ಅರ್ಧ ಜನ ನನ್ನ ಶಿಷ್ಯೆಯರು. ಮಿಸ್ಟರ್ ಅಮಿಸ್ಸಾ ನನಗೆ ತಲೆನೋವಿನ ಮಾತ್ರೆ ಕೊಡುವಾಗ ಅದನ್ನು ಬೀಸಣಿಗೆಯ ಮೇಲಿಟ್ಟು ಕೊಟ್ಟರು.

ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಮಿಸ್ಟರ್ ಫ್ಯಾನ್ಸನ್ ಎಂದರೆ ನಗು ಬರುತ್ತದೆ. ಮಿಸ್ಟರ್ ಪಪ ಎಂದರೆ ಅದು ಯಾರೋ ಬೇರೆಯವರು, ನನಗಿಂತ ಒಳ್ಳೆಯವರು. ಈ ವಯಸ್ಸಿನಲ್ಲಿ ಹೆಸರಿಲ್ಲದೆ ಕೂತಿದ್ದೇನೆ, ಮಗಳೇ. ಕಷ್ಟವಾಗುತ್ತದೆ.

ನಿನ್ನ ತಂದೆ

*

ಪುಸ್ತಕದೊಳಗೆ ಇಟ್ಟಿದ್ದ ಚೀಟಿ
ಲಂಡನ್, ೧೨ ಫೆಬ್ರವರಿ ೧೯೬೨

ಸರ್,

ದುಬಾಷಿಯ ಕಿವಿ ತಪ್ಪಿತು, ಪಾದ್ರಿಯ ಲೇಖನಿ ತಪ್ಪಿತು. ಆದರೆ ಆ ತಪ್ಪನ್ನು ಆ ಇನ್ಸ್‌ಪೆಕ್ಟರರ ಮುಂದೆ ತಲೆಯೆತ್ತಿ ಹೊತ್ತು ನಿಂತವರು ನೀವು. ಅಲ್ಲಿಗೆ ಅದು ನಮ್ಮದಾಯಿತು. ಬೇರೆ ಹೆಸರು ನನಗೆ ಬೇಡ.

ಒಳಪುಟ ತಪ್ಪದೆ ನೋಡಿ.

ಎಫುವಾ

*

ಸಾಲ್ಟ್‌ಪಾಂಡ್
೧೮ ಮಾರ್ಚ್ ೧೯೬೨

ಪ್ರಿಯ ಎಫುವಾ,

ಪುಸ್ತಕ ಬಂತು. ಮಿಸ್ಟರ್ ಕ್ವಾನ್ಸಾ ತಾವೇ ಹೊತ್ತು ತಂದು, ನಾನು ಕಟ್ಟು ಬಿಚ್ಚುವ ತನಕ ಜಗಲಿ ಬಿಟ್ಟು ಕದಲಲಿಲ್ಲ. ಮೇಲೆ ಎಫುವಾ ಫ್ಯಾನ್ಸನ್ ಎಂದಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಕೆಳಗೆ ಒಂದು ಡೋಲಿನ ಚಿತ್ರವಿತ್ತು. ಆ ಟಾಡ್‌ಹಂಟರ್ ಬಿಡಲಿಲ್ಲ ನೋಡು.

ಒಳಪುಟ ತೆಗೆದೆ. ಪುಟದ ನಡುವೆ ಒಂಟಿಯಾಗಿ "ಪಪನಿಗೆ" ಎಂದಿತ್ತು. ಯಾವ ಪಪ ಎಂಬುದಕ್ಕೆ ಗುರುತಿಲ್ಲ. ಇಂಥ ಅಸ್ಪಷ್ಟತೆಯನ್ನು ನಾನು ಯಾವ ಮಕ್ಕಳಿಗೂ ಬಿಟ್ಟವನಲ್ಲ. ಕೆಂಪು ಶಾಯಿಯ ಬಾಟಲಿ ತೆಗೆದೆ, ಮುಚ್ಚಳ ಬಿಚ್ಚಿದೆ, ಮತ್ತೆ ಮುಚ್ಚಿಟ್ಟೆ.

ಸಂಘದ ಸಭೆಯಲ್ಲಿ ಅದನ್ನು ಓದಿದೆ. ನಾನಾ ಅರಬಾ ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಇಂಗ್ಲಿಷಿನವರ ಹಾಗೆ ಏರಿಳಿತವಿಲ್ಲದೆ ಓದಿ ಮುಂದಕ್ಕೆ ಹೋಗೋಣವೆಂದಿದ್ದೆ. ಮಿಸ್ಟರ್ ಅಮಿಸ್ಸಾ ಬಿಡಲಿಲ್ಲ. "ಯಾವ ಪಪ ಸ್ವಾಮೀ? ಬೀಸಣಿಗೇನಾ?" ಎಂದರು. ಸಭೆ ನಕ್ಕಿತು.

ನಾನಾ ತಿರುಗಿ ಕೂಡ ನೋಡದೆ ಕೂತಲ್ಲಿಂದಲೇ ಹೇಳಿದರು: "ಮೂರ್ರಲ್ಲಿ ಎರಡು ಇವ್ನೇ ಕಣಪ್ಪಾ. ಅಪ್ಪಾನೂ ಹೌದು, ಬೀಸಣಿಗೇನೂ ಹೌದು. ಒಳ್ಳೇವ್ನಾ ಅನ್ನೋದು ಒಂದು ಬಾಕಿ ಐತೆ. ನೋಡಾನ, ಇನ್ನೂ ಟೈಮೈತೆ."

ಈ ಸಲ ನಾನೂ ನಕ್ಕೆ. ನಕ್ಕು ನಕ್ಕು ಸೆಕೆಯಾಗಿ, ಸಭೆಯ ಎದುರಿಗೇ ಉಣ್ಣೆ ಕೋಟು ಬಿಚ್ಚಿದೆ. ನಾನಾ ತಮ್ಮ ಬೀಸಣಿಗೆ ಕೊಟ್ಟರು. ಬೀಸಿಕೊಂಡೇ ಮೊದಲ ಅಧ್ಯಾಯ ಓದಿದೆ. ಆ ಹೆಡ್‌ಮಾಸ್ತರ ಕೆಂಕಿ ತಿನ್ನುವ ಜಾಗದಲ್ಲಿ ನಗುವಂಥದ್ದು ಇದೆ, ಒಪ್ಪುತ್ತೇನೆ.

ಫಲಕವನ್ನು ಮತ್ತೆ ಗೇಟಿಗೆ ಏರಿಸಿದ್ದೇವೆ. ನಾನಾ ಹಟ ಹಿಡಿದು ಮೂಲೆಯಲ್ಲಿ ಒಂದು ಬೀಸಣಿಗೆ ಬರೆಸಿದ್ದಾರೆ. ದೂರದಿಂದ ನೋಡಿದರೆ ಅದು ಮೀನಿನ ಹಾಗೆ ಕಾಣುತ್ತದೆ. ಇರಲಿ, ಅಜ್ಜನಿಗೆ ಅದೂ ಸಲ್ಲುತ್ತದೆ.

ಮಾವಿನ ಮರ ಈ ವರ್ಷ ಚೆನ್ನಾಗಿ ಹೂ ಬಿಟ್ಟಿದೆ. ಆ ದಿನ ನೀನು ಅದರಿಂದ ಬಿದ್ದು ಮೊದಲು ಏನೆಂದು ಕೂಗಿದೆಯೋ ಅದು ನನಗೆ ಕೇಳಿಸಿತ್ತು, ಎಫುವಾ. ನಾನು ಓಡಿ ಬಂದದ್ದು ಅದಕ್ಕೇ. ಓಗೊಡುವುದು ಬಾಕಿ ಇತ್ತು.

ನಿನ್ನ
ಪಪ

(ಮೊದಲನ್ನು ತಗ್ಗಿಸಿ, ಎರಡನೆಯದನ್ನು ಏರಿಸಿ ಓದು. ತಪ್ಪಿ ಬೀಸಣಿಗೆ ಮಾಡಬೇಡ.)